ಹೊಸ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಆನ್ ಆಗುತ್ತಿಲ್ಲ, ಬ್ರಹ್ಮಕಲಶದ ಕಾಗದ ಅದರೊಳಗೆ ಉಂಟು

ಅಕ್ಷರಮನೆ, ನೀರ್ಚಾಲು
ಮಂಗಳವಾರ, ರಾತ್ರಿ 10.15

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಡಿಟಿಪಿ ಮಾಡುವವಳು. ಮದುವೆ ಕಾಗದ, ಉಪನಯನ, ಉತ್ತರಕ್ರಿಯೆ, ಬಯಲಾಟದ ನೋಟೀಸು, ಹದಿನೈದು ವರ್ಷದಿಂದ ಇದೇ ಕೆಲಸ. ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮುಳ್ಳೇರಿಯದವರೆಗೆ ಕನ್ನಡದಲ್ಲಿ ಕಾಗದ ಮಾಡಿಸುವ ತುಂಬ ಮನೆಯವರು ನನ್ನಲ್ಲಿಗೆ ಬರುತ್ತಾರೆ. ಈಗ ಕೈಯಲ್ಲಿರುವುದು ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಹದಿನಾರು ಪುಟದ ಆಮಂತ್ರಣ. ಎದುರಿನ ಪುಟ ಕನ್ನಡ, ಹಿಂದಿನದ್ದು ಮಲಯಾಳ, ನಡುವೆ ಸಮಿತಿಯವರ, ದಾನಿಗಳ ಹೆಸರೇ ಒಂಬತ್ತು ಪುಟ. ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು.

ಕಂಪ್ಯೂಟರ್ 2014ರಲ್ಲಿ ಮಂಗಳೂರಿನಲ್ಲಿ ಜೋಡಿಸಿ ತಂದದ್ದು. ಇಂಟೆಲ್ ಐ3-4150 ಪ್ರೊಸೆಸರ್, ಎಚ್81 ಮದರ್‌ಬೋರ್ಡು, ರ‍್ಯಾಮಿಗೆ ಎರಡು ಸ್ಲಾಟು, ಅದರಲ್ಲಿ 4 ಜಿಬಿಯ ಡಿಡಿಆರ್3 ಒಂದೇ ಇತ್ತು. 500 ಜಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 7, ಪುಟ ಜೋಡಿಸಲಿಕ್ಕೆ ಪೇಜ್‌ಮೇಕರ್, ಕನ್ನಡ ಟೈಪ್ ಮಾಡಲಿಕ್ಕೆ ನುಡಿ. ಹಳತು ಅಂತ ಹೇಳಬೇಡಿ, ನನ್ನ ಹದಿನೈದು ವರ್ಷದ ಫೈಲುಗಳು ತೆರೆಯುವುದು ಇದರಲ್ಲೇ.

ಫೋಟೋ ಇರುವ ಪುಟ ತೆರೆಯುವಾಗ ಎರಡೆರಡು ನಿಮಿಷ ಕಾಯಬೇಕಾಗುತ್ತಿತ್ತು. ಹಾಗಾಗಿ ಆನ್‌ಲೈನಿನಲ್ಲಿ 8 ಜಿಬಿ ರ‍್ಯಾಮ್ ಒಂದು, 240 ಜಿಬಿಯ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡಿಸ್ಕ್) ಒಂದು ತರಿಸಿದೆ. ಇಂದು ಊಟ ಆದ ಮೇಲೆ ಮಗಳೂ ನಾನೂ ಕೂತು ಎರಡನ್ನೂ ಹಾಕಿದೆವು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟು ಬರುತ್ತದೆ, ಪರದೆ ಮಾತ್ರ ಕಪ್ಪು. ಹತ್ತು ಹದಿನೈದು ಸೆಕೆಂಡು ಬಿಟ್ಟು ತಾನಾಗಿ ಆಫ್ ಆಗಿ ಪುನಃ ಆನ್ ಆಗುತ್ತದೆ. ಎಸ್‌ಎಸ್‌ಡಿ ತೆಗೆದೆ, ಅದೇ. ಹೊಸ ರ‍್ಯಾಮ್ ತೆಗೆದು ಹಳೆಯದನ್ನೇ ಹಾಕಿದೆ, ಆದರೂ ಅದೇ. ಹಳೆಯದು ಹಾಕಿದರೂ ಬರುವುದಿಲ್ಲ ಎಂದಾದಾಗ ನನ್ನ ಕೈಕಾಲು ತಣ್ಣಗಾಯಿತು. ಬೋರ್ಡು ಹೋಯಿತಾ? ಡಿಸ್ಕಿನಲ್ಲಿ ಇದ್ದದ್ದಕ್ಕೆ ಏನಾದರೂ ಆಗಿರಬಹುದಾ? ಆಮಂತ್ರಣದ ಫೈಲಿನ ಪ್ರತಿ ಬೇರೆಲ್ಲೂ ಇಲ್ಲ. ತಿಳಿದವರು ದಯವಿಟ್ಟು ಹೇಳಿ.

ಸೀತಾಂಗೋಳಿ ಗೇಮರ್
ಮಂಗಳವಾರ, ರಾತ್ರಿ 10.40

ಅಕ್ಕ, ಹೆದರಬೇಡಿ. ಈಗ ತೋಟಕ್ಕೆ ನೀರು ಬಿಡುವ ಸಮಯ, ಸಂಜೆ ಎಲ್ಲರ ಪಂಪೂ ಒಟ್ಟಿಗೆ ಓಡ್ತದೆ. ನಮ್ಮಲ್ಲಿ ನಿನ್ನೆ ವೋಲ್ಟೇಜ್ 170ಕ್ಕೆ ಇಳಿದಿತ್ತು. ಎಸ್‌ಎಂಪಿಎಸ್, ಅಂದ್ರೆ ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆ, ಹಳತಾದ್ರೆ ಆ ವೋಲ್ಟೇಜಿನಲ್ಲಿ ಹೀಗೇ ಆನ್ ಆಫ್ ಆಗ್ತಾ ಇರ್ತದೆ. ಬೆಳಿಗ್ಗೆ ಪಂಪು ಶುರುವಾಗುವ ಮೊದಲು ಒಮ್ಮೆ ನೋಡಿ.

ಇನ್ನೊಂದು, ಬೋರ್ಡಿನಲ್ಲಿ ನಾಣ್ಯದ ಹಾಗಿರುವ ಬ್ಯಾಟರಿ ಉಂಟಲ್ಲ, ಅದನ್ನು ತೆಗೆದು ಐದು ನಿಮಿಷ ಬಿಟ್ಟು ಪುನಃ ಹಾಕಿ. ಬಯೋಸ್, ಅಂದ್ರೆ ವಿಂಡೋಸಿಗಿಂತ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ, ಅದರ ಸೆಟ್ಟಿಂಗ್ ರೀಸೆಟ್ ಆಗ್ತದೆ. ನನಗೆ ಎರಡು ಸಲ ಇದರಿಂದಲೇ ಸರಿಯಾಗಿದೆ.

ಅಕ್ಷರಮನೆ, ನೀರ್ಚಾಲು
ಮಂಗಳವಾರ, ರಾತ್ರಿ 11.20

ಬ್ಯಾಟರಿ ತೆಗೆದು ಹಾಕಿದೆ. ಏನೂ ವ್ಯತ್ಯಾಸ ಇಲ್ಲ. ಯುಪಿಎಸ್ ಉಂಟು, ಅದರ ಮೀಟರಿನಲ್ಲಿ ಈಗ 215 ತೋರಿಸುತ್ತಿದೆ. ಹಾಗಾಗಿ ಕರೆಂಟಿನ ತೊಂದರೆ ಅಲ್ಲ ಅಂತ ಕಾಣುತ್ತದೆ.

ವಿಟ್ಲ ಸರ್ವಿಸ್
ಬುಧವಾರ, ಬೆಳಿಗ್ಗೆ 6.05

ಅಕ್ಕ, ಇನ್ನು ಹೊಸತೇನೂ ಮಾಡುವುದು ಬೇಡ. ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ರ‍್ಯಾಮ್ ಬದಲಿಸಿದ ಮೇಲೆ ಪರದೆ ಬರದ ಕಂಪ್ಯೂಟರಿನಲ್ಲಿ ಬೋರ್ಡೇ ಹೋದದ್ದು ತುಂಬ ಅಪರೂಪ. ಹೆಚ್ಚಿನದ್ದು ರ‍್ಯಾಮ್ ಸರಿಯಾಗಿ ಕೂರದೆ ಆದದ್ದು. ಡಿಸ್ಕಿನ ವಿಷಯ ಬಿಡಿ. ಪರದೆ ಬರುವ ಹಂತದವರೆಗೆ ಕಂಪ್ಯೂಟರು ಡಿಸ್ಕನ್ನು ಮುಟ್ಟುವುದೇ ಇಲ್ಲ.

ಹೀಗೆ ಮಾಡಿ. ವಯರು ಗೋಡೆಯಿಂದಲೇ ತೆಗೆಯಿರಿ. ತೆಗೆದ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿಯಲಿ. ಪೆಟ್ಟಿಗೆಯ ಬಣ್ಣ ಇಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ. ಕಂಪ್ಯೂಟರನ್ನು ನೆಲದ ಮೇಲೆ ಅಡ್ಡ ಮಲಗಿಸಿ. ನಿಲ್ಲಿಸಿಟ್ಟು ರ‍್ಯಾಮ್ ಹಾಕಲಿಕ್ಕೆ ಹೋದರೆ ಎಷ್ಟು ಒತ್ತಿದ್ದೇವೆ ಅಂತ ಕೈಗೆ ತಿಳಿಯುವುದಿಲ್ಲ.

ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಎರಡರ ವಯರನ್ನೂ ತೆಗೆದಿಡಿ. ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ತೆಗೆಯಿರಿ. ಹಳೆ 4 ಜಿಬಿ ಒಂದನ್ನೇ, ಮೊದಲು ಯಾವ ಸ್ಲಾಟಿನಲ್ಲಿತ್ತೋ ಅದೇ ಸ್ಲಾಟಿಗೆ ಹಾಕಿ. ನಡುವಿನ ಕಚ್ಚು ಹೊಂದಿದೆಯಾ ನೋಡಿ, ಎರಡೂ ಕೊನೆಯಲ್ಲಿ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿ. ಎರಡು ಕಡೆಯ ಕ್ಲಿಪ್ಪೂ ತಾನಾಗಿ ಮೇಲೆ ಬಂದು ಟಕ್ ಅನ್ನಬೇಕು. ಒಂದು ಕಡೆ ಮಾತ್ರ ಕೂತರೆ ನೀವು ಹೇಳಿದ ಹಾಗೆಯೇ ಆಗ್ತದೆ, ಫ್ಯಾನ್ ತಿರುಗ್ತದೆ, ಪರದೆ ಇಲ್ಲ.

ಹಾಕುವ ಮೊದಲು ಅದರ ಚಿನ್ನದ ಬಣ್ಣದ ಹಲ್ಲು ಕಪ್ಪಾಗಿದ್ದರೆ ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಒರಸಿ ತೆಗೆಯಿರಿ. ನಮ್ಮ ಕಡೆಯ ಮಳೆಗಾಲ ಹತ್ತು ಸಲ ಕಂಡ ರ‍್ಯಾಮ್ ಅದು, ಹಲ್ಲಿಗೆ ಪೊರೆ ಕಟ್ಟಿರ್ತದೆ. ಸ್ಲಾಟಿನೊಳಗೆ ಇರುವೆ ಉಂಟಾ ಅದನ್ನೂ ನೋಡಿ. ಕಳೆದ ವರ್ಷ ಅಡ್ಕಸ್ಥಳದಿಂದ ಬಂದ ಒಂದು ಕಂಪ್ಯೂಟರಿನಲ್ಲಿ ಸ್ಲಾಟಿನ ಉದ್ದಕ್ಕೂ ಇರುವೆ ಮೊಟ್ಟೆ ಇತ್ತು.

ಮಾಡಿ ತಿಳಿಸಿ. ಹೊಸ ರ‍್ಯಾಮನ್ನು ಸದ್ಯ ಮುಟ್ಟಬೇಡಿ.

ಅಕ್ಷರಮನೆ, ನೀರ್ಚಾಲು
ಬುಧವಾರ, ಬೆಳಿಗ್ಗೆ 8.30

ಅಣ್ಣ, ಪರದೆ ಬಂತು! ನಿನ್ನೆ ಗಡಿಬಿಡಿಯಲ್ಲಿ ಹಳೆ ರ‍್ಯಾಮನ್ನು ಇನ್ನೊಂದು ಸ್ಲಾಟಿಗೆ ಹಾಕಿದ್ದೆ. ಗ್ರಾಫಿಕ್ಸ್ ಕಾರ್ಡಿಗೆಂದು ಬಿಟ್ಟ ಜಾಗದ ಹತ್ತಿರದ ಕ್ಲಿಪ್ಪು ಪೂರ್ತಿ ಮೇಲೆ ಬಂದಿರಲಿಲ್ಲ. ಇಂದು ಮೊದಲಿನ ಸ್ಲಾಟಿಗೇ ಹಾಕಿ ಒತ್ತಿದೆ, ಎರಡೂ ಕಡೆ ಟಕ್ ಅಂತು.

ಆದರೆ ಈಗ ಬೇರೆ ತೊಂದರೆ. ಮೊದಲು ತಾರೀಕು ಸಮಯ ಸರಿಯಿಲ್ಲ, ಎಫ್1 ಒತ್ತಿ ಅಂತ ಬಂತು. ಒತ್ತಿ ತಾರೀಕು ಸರಿ ಮಾಡಿ ಸೇವ್ ಮಾಡಿದೆ. ಆಮೇಲೆ ಹಾರ್ಡ್‌ಡಿಸ್ಕ್ ಜೋಡಿಸಿದೆ. ವಿಂಡೋಸಿನ ಚಿತ್ರ ಕಾಣಿಸುತ್ತದೆ, ನಾಲ್ಕು ಬಣ್ಣ ಕೂಡುವಷ್ಟರಲ್ಲಿ ಒಂದು ಕ್ಷಣ ನೀಲಿ ಪರದೆ ಮಿಂಚಿ ಹೋಗುತ್ತದೆ, ಪುನಃ ಮೊದಲಿಂದ ಶುರು. ಓದಲಿಕ್ಕೆ ಪುರುಸೊತ್ತು ಕೊಡುವುದಿಲ್ಲ. ಮಗಳು ಶಾಲೆಗೆ ಹೊರಡುವ ಮೊದಲು ಮೊಬೈಲಿನಲ್ಲಿ ವಿಡಿಯೋ ತೆಗೆದು ಅಲ್ಲಿಗೇ ನಿಲ್ಲಿಸಿ ತೋರಿಸಿದಳು. ಕೆಳಗೆ ಸ್ಟಾಪ್ ಅಂತ ಬರೆದು ತುಂಬ ಸೊನ್ನೆ, ಕೊನೆಗೆ 7ಬಿ ಅಂತ ಉಂಟು. ಡಿಸ್ಕ್ ಹೋಗಿದೆಯಾ? ದಯವಿಟ್ಟು ಬೇಗ ಹೇಳಿ. ಸಮಿತಿಯ ಅಧ್ಯಕ್ಷರು ಎರಡು ಸಲ ಫೋನ್ ಮಾಡಿಯಾಯಿತು.

ಕುಂಬಳೆ ಮಾಷ್ಟ್ರು
ಬುಧವಾರ, ಬೆಳಿಗ್ಗೆ 9.10

ಡಿಸ್ಕ್ ಹೋಗಿಲ್ಲ. ಹೋಗಿದ್ದರೆ ವಿಂಡೋಸಿನ ಚಿತ್ರ ಅಷ್ಟು ದೂರ ಬರುತ್ತಿರಲಿಲ್ಲ. 7ಬಿ ಎಂದರೆ ವಿಂಡೋಸ್ ಏಳುವಾಗ ತಾನು ಇರುವ ಡಿಸ್ಕೇ ತನಗೆ ಕಾಣುತ್ತಿಲ್ಲ ಎಂದು ಹೇಳುವ ಕೋಡು. ಅದರ ಕಾರಣವನ್ನು ವಿಟ್ಲದವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನನ್ನ ಕಾಳಜಿ ನಿಮ್ಮ ಫೈಲಿನದ್ದು. ವಿಂಡೋಸನ್ನು ಸರಿ ಮಾಡುವ ಮೊದಲು ಆಮಂತ್ರಣವನ್ನು ಹೊರಗೆ ತೆಗೆಯಿರಿ. ಯಾರಾದರೂ ಅವಸರದಲ್ಲಿ ವಿಂಡೋಸ್ ಹೊಸದಾಗಿ ಹಾಕುತ್ತೇನೆಂದರೆ ಒಪ್ಪಬೇಡಿ.

ನಿಮ್ಮ ಮಗಳು ಕನ್ನಡ ಮಾಧ್ಯಮದ ಹೈಸ್ಕೂಲಿನವಳಾದರೂ ಮಲಯಾಳ ಮಾಧ್ಯಮದವಳಾದರೂ ನಮ್ಮ ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ವಿಂಡೋಸಿನಲ್ಲಲ್ಲ, ಉಬುಂಟು ಆಧರಿಸಿದ ಕೈಟ್ ಲಿನಕ್ಸಿನಲ್ಲಿ. ಅದನ್ನು ಹಾಕುವ ಪೆನ್‌ಡ್ರೈವ್ ಶಾಲೆಯ ಐಟಿ ಅಧ್ಯಾಪಕರಲ್ಲಿ ಇದ್ದೇ ಇರುತ್ತದೆ. ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸಿನಲ್ಲಿ ಇರುವ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ಸಂಜೆ ಅದನ್ನು ತರಲಿ. ಕಂಪ್ಯೂಟರಿಗೆ ಸಿಕ್ಕಿಸಿ ಆನ್ ಮಾಡುವಾಗ, ಯಾವುದರಿಂದ ಶುರುವಾಗಬೇಕೆಂದು ಕೇಳುವ ಬೂಟ್ ಮೆನು ತೆರೆದು ಪೆನ್‌ಡ್ರೈವನ್ನು ಆರಿಸಿ. ಇನ್‌ಸ್ಟಾಲ್ ಒತ್ತಬೇಡಿ, ಪ್ರಯತ್ನಿಸಿ ನೋಡುವ ಆಯ್ಕೆಯನ್ನೇ ಒತ್ತಿ. ಅದು ಡಿಸ್ಕಿನಲ್ಲಿ ಏನನ್ನೂ ಬರೆಯುವುದಿಲ್ಲ, ಪೆನ್‌ಡ್ರೈವಿನಿಂದಲೇ ಓಡುತ್ತದೆ. ನಿಮ್ಮ ವಿಂಡೋಸ್ ಡಿಸ್ಕ್ ಎಡಬದಿಯ ಪಟ್ಟಿಯಲ್ಲಿ ಕಾಣುತ್ತದೆ. ಇನ್ನೊಂದು ಪೆನ್‌ಡ್ರೈವಿಗೆ ಕೆಲಸದ ಫೋಲ್ಡರುಗಳನ್ನು ಕಾಪಿ ಮಾಡಿ.

ಒಂದನ್ನು ಮರೆಯಬೇಡಿ. ಫೈಲಿನ ಜೊತೆ ಫಾಂಟುಗಳನ್ನೂ ತೆಗೆಯಿರಿ, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅಂತ ಇರುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಕ್ರಮ ಪೇಜ್‌ಮೇಕರಿಗೆ ಗೊತ್ತಿಲ್ಲ. ನೀವು ಟೈಪ್ ಮಾಡಿದ ‘ಕ’ ಫೈಲಿನೊಳಗೆ ‘ಕ’ ಆಗಿ ಇಲ್ಲ, ಯಾವುದೋ ಇಂಗ್ಲಿಷ್ ಅಕ್ಷರವಾಗಿಯೋ ಚಿಹ್ನೆಯಾಗಿಯೋ ಇದೆ. ಅದನ್ನು ‘ಕ’ ಮಾಡಿ ತೋರಿಸುವುದು ಆ ಫಾಂಟು. ಫೈಲು ಉಳಿದು ಫಾಂಟು ಹೋದರೆ ಒಂಬತ್ತು ಪುಟದ ಹೆಸರುಗಳಲ್ಲಿ ಒಂದನ್ನೂ ಓದಲಿಕ್ಕಾಗದು. ಮಲಯಾಳ ಪುಟಕ್ಕೂ ಇದೇ ಮಾತು.

ವಿಟ್ಲ ಸರ್ವಿಸ್
ಬುಧವಾರ, ಮಧ್ಯಾಹ್ನ 1.45

ಮಾಷ್ಟ್ರು ಹೇಳಿದ ಕೆಲಸ ಮೊದಲು ಆಗಲಿ.

7ಬಿ ಬಂದದ್ದು ನಿನ್ನೆ ಬ್ಯಾಟರಿ ತೆಗೆದದ್ದರಿಂದ. ಡಿಸ್ಕಿನ ಜೊತೆ ಬೋರ್ಡು ಮಾತಾಡಲಿಕ್ಕೆ ಎರಡು ಕ್ರಮ ಉಂಟು, ಹಳತು ಐಡಿಇ, ಹೊಸತು ಎಎಚ್‌ಸಿಐ. ಹಳೆಯ ವಿಂಡೋಸ್ ಎಕ್ಸ್‌ಪಿಗೆ ಎಎಚ್‌ಸಿಐ ಡ್ರೈವರ್, ಅಂದರೆ ಆ ಕ್ರಮದಲ್ಲಿ ಮಾತಾಡಿಸುವ ಪ್ರೋಗ್ರಾಂ, ಜೊತೆಯಲ್ಲಿ ಬರುತ್ತಿರಲಿಲ್ಲ, ಹಾಗಾಗಿ ಜೋಡಿಸುವವರು ಬಯೋಸಿಗೆ ಹೋಗಿ ಐಡಿಇ ಮಾಡಿ ಬಿಡುತ್ತಿದ್ದರು. 7 ಹಾಕುವ ಕಾಲ ಬಂದ ಮೇಲೂ ಕೆಲವರಿಗೆ ಅದೇ ಅಭ್ಯಾಸ. ನಾನೂ ಎಷ್ಟೋ ಕಂಪ್ಯೂಟರಿಗೆ ಹಾಗೆ ಮಾಡಿ ಕೊಟ್ಟಿದ್ದೇನೆ. ವಿಂಡೋಸ್ 7 ಹಾಕುವ ದಿನ ಯಾವ ಕ್ರಮ ಇತ್ತೋ ಅದರ ಡ್ರೈವರನ್ನು ಮಾತ್ರ ಏಳುವಾಗ ಕರೆಯುತ್ತದೆ. ಬ್ಯಾಟರಿ ತೆಗೆದಾಗ ಬಯೋಸ್ ಕಂಪೆನಿಯಿಂದ ಬಂದ ದಿನದ ಸ್ಥಿತಿಗೆ ಹೋಯಿತು, ಎಎಚ್‌ಸಿಐ ಆಯಿತು. ವಿಂಡೋಸಿಗೆ ಡಿಸ್ಕ್ ಕಾಣದೆ ನಿಂತಿತು.

ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಇರಿ, ಬಯೋಸ್ ತೆರೆಯುತ್ತದೆ. ಅಡ್ವಾನ್ಸ್ಡ್ ಒಳಗೆ ಸಾಟಾ ಕಾನ್ಫಿಗರೇಶನ್, ಅಲ್ಲಿ ಸಾಟಾ ಮೋಡ್. ಎಎಚ್‌ಸಿಐ ಇದ್ದದ್ದನ್ನು ಐಡಿಇ ಮಾಡಿ. ಎಫ್10 ಒತ್ತಿ ಸೇವ್ ಮಾಡಿ. ಬೇರೆ ಯಾವುದನ್ನೂ ಬದಲಿಸಬೇಡಿ.

ಇನ್ನೆರಡು ವಿಷಯ ಬೇಕು. ಹೊಸ ರ‍್ಯಾಮಿನ ಸ್ಟಿಕ್ಕರಿನಲ್ಲಿ ಸಣ್ಣ ಅಕ್ಷರವೂ ಬಿಡದೆ ಏನು ಬರೆದಿದೆ ಹೇಳಿ. ವಿಂಡೋಸ್ ಬಂದ ಮೇಲೆ ಕಂಪ್ಯೂಟರ್ ಐಕಾನಿನ ಪ್ರಾಪರ್ಟೀಸ್ ತೆಗೆದು 32 ಬಿಟ್ಟಾ 64 ಬಿಟ್ಟಾ ನೋಡಿ.

ಸೀತಾಂಗೋಳಿ ಗೇಮರ್
ಬುಧವಾರ, ಮಧ್ಯಾಹ್ನ 2.20

ಅಕ್ಕ, ಕ್ಷಮಿಸಿ. ಬ್ಯಾಟರಿ ತೆಗೆಯಲಿಕ್ಕೆ ಹೇಳಿದ್ದು ನಾನು. ನನ್ನದು ಹೊಸ ಕಂಪ್ಯೂಟರು, ಮೊದಲಿಂದಲೂ ಎಎಚ್‌ಸಿಐ, ಹಾಗಾಗಿ ನನಗೆ ಏನೂ ಆಗಿರಲಿಲ್ಲ. ತೆಗೆಯುವ ಮೊದಲು ಬಯೋಸಿನ ಪುಟಗಳ ಫೋಟೋ ತೆಗೆದಿಡಿ ಅಂತಲಾದರೂ ಹೇಳಬೇಕಿತ್ತು. ನಾನಿರುವುದು ನಿಮ್ಮಿಂದ ಸ್ವಲ್ಪವೇ ದೂರ. 64 ಜಿಬಿ ಪೆನ್‌ಡ್ರೈವ್ ಖಾಲಿ ಉಂಟು, ಬೇಕಿದ್ದರೆ ಸಂಜೆ ತಂದು ಕೊಡುತ್ತೇನೆ.

ಅಕ್ಷರಮನೆ, ನೀರ್ಚಾಲು
ಬುಧವಾರ, ರಾತ್ರಿ 9.50

ಒಂದೊಂದಾಗಿ ಬರೆಯುತ್ತೇನೆ.

ಮಗಳು ಶಾಲೆಯಿಂದ ಪೆನ್‌ಡ್ರೈವ್ ತಂದಳು, ಟೀಚರು ಎರಡು ಮಾತಿಲ್ಲದೆ ಕೊಟ್ಟರಂತೆ. ಉಬುಂಟು ತೆರೆದುಕೊಂಡಿತು. ನಾನು ಅದನ್ನು ಕಂಡದ್ದು ಇದೇ ಮೊದಲು. ಅವಳು ಮನೆಯ ಅಂಗಳದಲ್ಲಿ ನಡೆದ ಹಾಗೆ ಅದರಲ್ಲಿ ನಡೆದಳು. ಹಾರ್ಡ್‌ಡಿಸ್ಕಿನೊಳಗೆ ಎಲ್ಲವೂ ಇದ್ದ ಹಾಗೆಯೇ ಉಂಟು. ಆಮಂತ್ರಣದ ಫೋಲ್ಡರು ಕಣ್ಣಿಗೆ ಬಿದ್ದಾಗ ನಾನು ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಒಂದು ಗ್ಲಾಸು ನೀರು ಕುಡಿದು ಬಂದೆ. ಅದರಲ್ಲಿ ಒಂಬತ್ತನೇ ಪುಟಕ್ಕೆ ಒಬ್ಬರು ಹಿರಿಯರ ಫೋಟೋ ಉಂಟು. ದೇವಸ್ಥಾನಕ್ಕೆ ಜಾಗ ಬಿಟ್ಟುಕೊಟ್ಟವರು, ಈಗ ಇಲ್ಲ. ಅವರ ಮನೆಯಲ್ಲಿದ್ದ ಒಂದೇ ಒಂದು ಫೋಟೋ ಗೆದ್ದಲು ತಿಂದಿತ್ತು. ನಾನು ಎರಡು ದಿನ ಕೂತು ಅದನ್ನು ಸರಿ ಮಾಡಿದ್ದೆ.

ಕೆಲಸದ ಫೋಲ್ಡರು ಎಲ್ಲ ಸೇರಿ 41 ಜಿಬಿ, ಫಾಂಟುಗಳೂ ಸೇರಿ ಕಾಪಿ ಆಗಲಿಕ್ಕೆ ಒಂದೂವರೆ ಗಂಟೆ ಹಿಡಿಯಿತು. ಸೀತಾಂಗೋಳಿಯಿಂದ ತಮ್ಮ ಪೆನ್‌ಡ್ರೈವ್ ತಂದುಕೊಟ್ಟ. ಕ್ಷಮೆ ಯಾಕೆ, ರಾತ್ರಿ ಹತ್ತೂವರೆಗೆ ನನಗೆ ಉತ್ತರ ಬರೆದವನು ನೀನೊಬ್ಬನೇ.

ಆಮೇಲೆ ಬಯೋಸಿಗೆ ಹೋಗಿ ಐಡಿಇ ಮಾಡಿದೆ. ವಿಂಡೋಸ್ ಮೊದಲಿನ ಹಾಗೆಯೇ ಬಂತು, ಪೇಜ್‌ಮೇಕರ್ ತೆರೆಯಿತು, ಹೆಸರುಗಳೆಲ್ಲ ಇದ್ದಲ್ಲೇ ಉಂಟು.

ರ‍್ಯಾಮಿನ ಸ್ಟಿಕ್ಕರಿನಲ್ಲಿ 8 ಜಿಬಿ, ಡಿಡಿಆರ್3, 1600, 1.5 ವೋಲ್ಟ್. ಅಂಚಿನಲ್ಲಿ ತೀರ ಸಣ್ಣದಾಗಿ ಎಎಂಡಿ ಅಂತ ಉಂಟು. ಅದು ಕಂಪೆನಿಯ ಹೆಸರು ಅಂತ ತಿಳಿದಿದ್ದೆ. ವಿಂಡೋಸ್ 32 ಬಿಟ್.

ವಿಟ್ಲ ಸರ್ವಿಸ್
ಬುಧವಾರ, ರಾತ್ರಿ 10.30

ಎಎಂಡಿ ಅಂದರೆ ಇಂಟೆಲಿನ ಹಾಗೆ ಪ್ರೊಸೆಸರ್ ಮಾಡುವ ಇನ್ನೊಂದು ಕಂಪೆನಿ. ಅದರ ಹೆಸರು ಇದೆ ಎಂದಾಗಲೇ ಗೊತ್ತಾಯಿತು. ಇಂಥ 8 ಜಿಬಿಯವು ಆನ್‌ಲೈನಿನಲ್ಲಿ ತುಂಬ ಕಡಿಮೆಗೆ ಸಿಗುತ್ತವೆ. ನಿಮ್ಮದು ಹಾಳಾದ ಮಾಲಲ್ಲ, ನಿಮ್ಮ ಬೋರ್ಡಿಗೆ ಆಗದ ಮಾಲು.

ಮನೆ ಕಂಪ್ಯೂಟರಿನಲ್ಲಿ ರ‍್ಯಾಮಿನಿಂದ ಪ್ರೊಸೆಸರಿಗೆ ಒಂದು ಸಲಕ್ಕೆ 64 ಬಿಟ್ ಹೋಗುತ್ತದೆ. ಸಾಧಾರಣ ರ‍್ಯಾಮಿನಲ್ಲಿ ಒಂದೊಂದು ಚಿಪ್ಪು ಎಂಟೆಂಟು ಬಿಟ್ ಕೊಡುತ್ತದೆ, ಎಂಟು ಚಿಪ್ಪು ಸೇರಿ 64. ನಿಮಗೆ ಬಂದದ್ದರಲ್ಲಿ ಒಂದೊಂದು ಚಿಪ್ಪು ಕೊಡುವುದು ನಾಲ್ಕೇ ಬಿಟ್, ಹದಿನಾರು ಸೇರಿದರೆ 64. ಸರ್ವರಿನ ರ‍್ಯಾಮಿಗೆ ಹಾಕುವ ಜಾತಿ ಚಿಪ್ಪು ಅದು. ಅದರೊಳಗೆ ಮಾಹಿತಿ ಯಾವ ಕಾಲಮಿನಲ್ಲಿ ಉಂಟು ಅಂತ ಹೇಳಲಿಕ್ಕೆ 10 ಬಿಟ್ಟಿನ ಬದಲು 11 ಬೇಕು. ಎಎಂಡಿಯ ಆ ಕಾಲದ ಪ್ರೊಸೆಸರುಗಳು ಈ ಲೆಕ್ಕ ಒಪ್ಪುತ್ತಿದ್ದವು, ನಿಮ್ಮ ಐ3 ಒಪ್ಪುವುದಿಲ್ಲ. ಎಷ್ಟು ಗಟ್ಟಿ ಒತ್ತಿದರೂ, ಎಷ್ಟು ಸಲ ಬ್ಯಾಟರಿ ತೆಗೆದರೂ ಅದರಲ್ಲಿ ಪರದೆ ಬಾರದು. ವಾಪಸ್ ಮಾಡಿ.

ಇನ್ನೊಂದು ಮಾತು ನಿಮಗೆ ಬೇಸರ ಆದರೂ ಹೇಳಬೇಕು. 32 ಬಿಟ್ ವಿಂಡೋಸ್ 7 ಇರುವಷ್ಟು ದಿನ ಯಾವ ರ‍್ಯಾಮ್ ತಂದರೂ ಪ್ರಯೋಜನ ಇಲ್ಲ. ಅದಕ್ಕೆ 4 ಜಿಬಿಯೇ ಮಿತಿ, ಅದರಲ್ಲೂ ಸ್ವಲ್ಪ ಭಾಗ ಬೋರ್ಡಿನ ಉಪಯೋಗಕ್ಕೆ ಹೋಗುತ್ತದೆ. ಈಗ ಇರುವುದೇ ಅದಕ್ಕೆ ಪೂರ್ತಿ. ಫೋಟೋ ಪುಟ ನಿಧಾನ ಆಗುವುದು ಹಾರ್ಡ್‌ಡಿಸ್ಕಿನಿಂದ. ನೀವು ತಂದ ಎಸ್‌ಎಸ್‌ಡಿ ಇದಕ್ಕೆ ಸರಿಯಾದ ಮದ್ದು, ಅದನ್ನು ಇಟ್ಟುಕೊಳ್ಳಿ. ಆದರೆ ಶುಕ್ರವಾರದ ಮೊದಲು ಹಾಕಬೇಡಿ.

ಕುಂಬಳೆ ಮಾಷ್ಟ್ರು
ಗುರುವಾರ, ಬೆಳಿಗ್ಗೆ 7.00

ಎಸ್‌ಎಸ್‌ಡಿಗೆ ಹೋಗುವ ಮೊದಲು ಹಳೆ ಡಿಸ್ಕಿನ ಆರೋಗ್ಯವನ್ನೂ ನೋಡಿಬಿಡಿ. ಉಬುಂಟುವಿನಲ್ಲಿ ಡಿಸ್ಕ್ಸ್ ಎಂಬ ಅಪ್ಲಿಕೇಶನ್ ಇದೆ, ಅದರ ಮೆನುವಿನಲ್ಲಿ ಸ್ಮಾರ್ಟ್ ಡೇಟಾ ಎಂದಿರುತ್ತದೆ. ಹಾಳಾಗಿ ಬದಲಿ ಜಾಗ ಕೊಟ್ಟ ಭಾಗಗಳ ಲೆಕ್ಕ ಹೇಳುವ ರೀಅಲೊಕೇಟೆಡ್ ಸೆಕ್ಟರ್ ಎಂಬ ಸಾಲಿನ ಎದುರು ಸೊನ್ನೆ ಇದ್ದರೆ ಒಳ್ಳೆಯದು. ಸಂಖ್ಯೆ ಇದ್ದರೆ, ಅದರಲ್ಲೂ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಆ ಡಿಸ್ಕಿನಲ್ಲಿ ಹೊಸ ಕೆಲಸ ಇಡಬೇಡಿ.

ಅಕ್ಷರಮನೆ, ನೀರ್ಚಾಲು
ಶುಕ್ರವಾರ, ರಾತ್ರಿ 8.15

ಬೆಳಿಗ್ಗೆ ಒಂಬತ್ತಕ್ಕೆ ಹದಿನಾರು ಪುಟವೂ ಪ್ರೆಸ್ಸಿಗೆ ಹೋಯಿತು. ಮಧ್ಯಾಹ್ನ ಪ್ರೂಫ್ ಬಂತು, ಒಂದು ಇನಿಷಿಯಲ್ ಬಿಟ್ಟರೆ ಬೇರೆ ತಪ್ಪಿಲ್ಲ.

ಹಾರ್ಡ್‌ಡಿಸ್ಕ್ 29 ಸಾವಿರ ಗಂಟೆ ಓಡಿದೆಯಂತೆ. ಮಾಷ್ಟ್ರು ಹೇಳಿದ ಸಾಲಿನ ಎದುರು 16 ಅಂತ ಉಂಟು. ಬರುವ ಶುಕ್ರವಾರ ಪುನಃ ನೋಡುತ್ತೇನೆ. ಕೆಲಸದ ಫೋಲ್ಡರಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಬದಿಯಡ್ಕದಲ್ಲಿರುವ ತಂಗಿಯ ಲ್ಯಾಪ್‌ಟಾಪಿನಲ್ಲಿ ಇಟ್ಟಾಯಿತು. ರ‍್ಯಾಮ್ ವಾಪಸ್ ಕಳಿಸಿದೆ, ದುಡ್ಡು ಬರುತ್ತದೆ ಅಂತ ಸಂದೇಶ ಬಂದಿದೆ.

ಒಂದೇ ಸಂಶಯ ಉಳಿದಿದೆ. ಯುಪಿಎಸ್ ಆಫ್ ಮಾಡಿ ಮಲಗಿದರೆ ಬೆಳಿಗ್ಗೆ ತಾರೀಕು 2014ಕ್ಕೆ ಹೋಗಿರುತ್ತದೆ, ಬ್ರೌಸರಿನಲ್ಲಿ ಯಾವ ತಾಣವೂ ತೆರೆಯುವುದಿಲ್ಲ. ನೀಲಿ ಪರದೆಯೂ ಇಂದು ಬೆಳಿಗ್ಗೆ ಪುನಃ ಬಂತು. ಐಡಿಇ ಮಾಡಿದ ಮೇಲೆ ಹೋಯಿತು.

ವಿಟ್ಲ ಸರ್ವಿಸ್
ಶುಕ್ರವಾರ, ರಾತ್ರಿ 8.40

ಬ್ಯಾಟರಿ ಮುಗಿದಿದೆ, ಅಷ್ಟೇ. ಇಷ್ಟು ವರ್ಷ ಬಂದದ್ದೇ ಹೆಚ್ಚು. ಸಿಆರ್2032 ಅಂತ ಕೇಳಿ, ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ತಾರೀಕು ತಪ್ಪಿದ್ದರೆ ತಾಣಗಳ ಸರ್ಟಿಫಿಕೇಟು ಹೊಂದುವುದಿಲ್ಲ, ಅದಕ್ಕೇ ತೆರೆಯದಿರುವುದು. ಬಯೋಸಿನ ಎಲ್ಲ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಡಿ, ಆಮೇಲೆ ಬ್ಯಾಟರಿ ಬದಲಿಸಿ. ಹೊಸದು ಹಾಕಿದ ಮೇಲೆ ಒಮ್ಮೆ ಎಎಚ್‌ಸಿಐ ಆಗಿಯೇ ಆಗುತ್ತದೆ, ವಿಂಡೋಸ್ ಬರುವ ಮೊದಲೇ ಡಿಲೀಟ್ ಒತ್ತಿ ಐಡಿಇ ಮಾಡಿ ಸೇವ್ ಮಾಡಿ.

ಎಸ್‌ಎಸ್‌ಡಿಗೆ ಡಿಸ್ಕನ್ನು ಕ್ಲೋನ್ ಮಾಡುವ, ಅಂದರೆ ವಿಂಡೋಸ್ ಸಮೇತ ಇದ್ದ ಹಾಗೆಯೇ ನಕಲು ಮಾಡುವ ದಿನ ಐಡಿಇಯಿಂದ ಎಎಚ್‌ಸಿಐಗೆ ಹೋಗುವಾ. ಅದಕ್ಕೆ ವಿಂಡೋಸಿನ ಒಳಗೇ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಎಂಎಸ್‌ಎಎಚ್‌ಸಿಐ (ಎಎಚ್‌ಸಿಐ ಡ್ರೈವರ್) ಸರ್ವಿಸಿನ ಸ್ಟಾರ್ಟ್ ಬೆಲೆಯನ್ನು 3ರಿಂದ 0 ಮಾಡಿ, ಆಮೇಲೆ ಬಯೋಸ್ ಬದಲಿಸಬೇಕು. ಈಗ ಬೇಡ. ಡಿಸ್ಕಿನಲ್ಲಿ 16 ಇದೆ ಅಂದದ್ದರಿಂದ ತುಂಬ ತಡವೂ ಬೇಡ. ಕಲಶ ಯಾವಾಗ?

ಅಕ್ಷರಮನೆ, ನೀರ್ಚಾಲು
ಶುಕ್ರವಾರ, ರಾತ್ರಿ 9.00

ಮುಂದಿನ ತಿಂಗಳು ಹತ್ತಕ್ಕೆ. ಆದರೆ ಇನ್ನು ನನ್ನ ಕೈಯಲ್ಲಿ ಆತುರದ ಕೆಲಸ ಇಲ್ಲ. ಬರುವ ಭಾನುವಾರ ಮಗಳಿಗೂ ರಜೆ. ಬ್ಯಾಟರಿ ನಾಳೆ ಬದಿಯಡ್ಕದಿಂದ ತರುತ್ತೇನೆ. ಭಾನುವಾರ ಬೆಳಿಗ್ಗೆ ಕ್ಲೋನ್ ಮಾಡಲಿಕ್ಕೆ ಕೂರುವಾಗ ಇಲ್ಲೇ ಬರೆಯುತ್ತೇನೆ ಅಣ್ಣ, ನಿಮಗೆ ಪುರುಸೊತ್ತು ಇದ್ದರೆ ನೋಡಿ.